ವಿಷಕ್ಕೆ ಬೇರೆ ತೂಬಿಲ್ಲ: ತುಂಗಭದ್ರೆ ಬಯಲಿನ ಬೇರುಗಳು ಮತ್ತು ಅವುಗಳ ಜೀನ್‌ಗಳು

ಸಂಡೂರು ಕಡೆ ಹೋದವರಿಗೆ ಗೊತ್ತು. ರಸ್ತೆ ಕೆಂಪು, ಮರದ ಎಲೆ ಕೆಂಪು, ಲಾರಿ ಹಿಂದೆ ಬೈಕಿನಲ್ಲಿ ಹೋದರೆ ಅಂಗಿಯೂ ಕೆಂಪು. ದೇಶದ ಒಳ್ಳೆಯ ಕಬ್ಬಿಣದ ಅದಿರು ಸಿಗುವ ನೆಲ ಇದು. ಅದೇ ಬಳ್ಳಾರಿ ಜಿಲ್ಲೆಯ ಎರೆ ಹೊಲದಲ್ಲಿ ಶೇಂಗಾ ಹಾಕಿ ನೋಡಿ. ಎಷ್ಟೋ ಸಲ ಎಳೆ ಎಲೆ ಹಳದಿಯಾಗುತ್ತದೆ. ನರ ಮಾತ್ರ ಹಸಿರು, ನಡುವೆಲ್ಲ ಬಿಳಿಚಿಕೊಂಡ ಹಳದಿ. ಕೃಷಿ ಇಲಾಖೆಯವರನ್ನು ಕೇಳಿದರೆ ಬರುವ ಉತ್ತರ ಒಂದೇ: ಕಬ್ಬಿಣದ ಕೊರತೆ, ಅನ್ನಭೇದಿ ಸಿಂಪಡಿಸಿ.

ಕಬ್ಬಿಣದ ಗುಡ್ಡದ ಬುಡದಲ್ಲೇ ಕಬ್ಬಿಣದ ಕೊರತೆ! ಕೇಳಿದರೆ ನಗು ಬರುತ್ತದೆ, ಆದರೆ ನಿಜ. ನಮ್ಮ ಎರೆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಸಾಮಾನ್ಯವಾಗಿ 8ರ ಮೇಲೆ, ಜೊತೆಗೆ ಸುಣ್ಣದ ಅಂಶ ಜಾಸ್ತಿ. ಪಿಎಚ್ ಒಂದು ಅಂಕ ಏರಿದರೆ ನೀರಿನಲ್ಲಿ ಕರಗಿರುವ ಫೆರಿಕ್ ಕಬ್ಬಿಣ ಸಾವಿರ ಪಟ್ಟು ಕಡಿಮೆಯಾಗುತ್ತದೆ. ಮಣ್ಣಲ್ಲಿ ಟನ್‌ಗಟ್ಟಲೆ ಕಬ್ಬಿಣ ಇದ್ದರೂ ಅದು ತುಕ್ಕಿನ ರೂಪದಲ್ಲಿ ಸುಮ್ನೆ ಕುಳಿತಿರುತ್ತದೆ. ಬೇರಿನ ಬಾಯಿಗೆ ಬರುವುದಿಲ್ಲ.

ಮಣ್ಣಿನಲ್ಲಿ ಎಷ್ಟು ಲೋಹ ಇದೆ ಎನ್ನುವುದು ಒಂದು ಪ್ರಶ್ನೆ. ಬೇರು ಎಷ್ಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎನ್ನುವುದು ಬೇರೆಯದೇ ಪ್ರಶ್ನೆ. ಗಣಿ, ಕಾರ್ಖಾನೆ, ಬೂದಿ, ಸವಳು ಎಂದು ನಾವು ಮಾತಾಡುವಾಗ ಇವೆರಡನ್ನೂ ಕಲಸಿಬಿಡುತ್ತೇವೆ. ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಬೇರಿನ ಜೀನ್‌ಗಳಲ್ಲಿ, ಮತ್ತು ನಾವು ಹೊಲದಲ್ಲಿ ನೀರನ್ನು ಹೇಗೆ ನಿಲ್ಲಿಸುತ್ತೇವೆ ಎನ್ನುವುದರಲ್ಲಿ.

ಶೇಂಗಾದಂಥ ಗಿಡ ಕಬ್ಬಿಣಕ್ಕೆ ಹಸಿದಾಗ ಏನು ಮಾಡುತ್ತದೆ? ಇದನ್ನು ಹೆಚ್ಚಾಗಿ ಓದಿ ತಿಳಿದಿರುವುದು ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆ ಗಿಡದಲ್ಲಿ. ಹಸಿವಾದ ಕೂಡಲೇ ಬೇರಿನ ಹೊರಪದರದ ಕೋಶಗಳಲ್ಲಿ ಎಫ್‌ಐಟಿ ಎಂಬ ಪ್ರೊಟೀನ್ ಕೆಲಸಕ್ಕಿಳಿಯುತ್ತದೆ. ಅದು ಬೇರೆ ಒಂದಷ್ಟು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಬೇರು ಸುತ್ತಲಿನ ಮಣ್ಣಿಗೆ ಆಮ್ಲ ಬಿಡುತ್ತದೆ. ಎಫ್‌ಆರ್‌ಒ2 ಎಂಬ ಕಿಣ್ವ ಕಬ್ಬಿಣವನ್ನು ಕರಗುವ ರೂಪಕ್ಕೆ ತಿರುಗಿಸುತ್ತದೆ. ಕೊನೆಗೆ ಐಆರ್‌ಟಿ1 ಎಂಬ ಪ್ರೊಟೀನ್ ಅದನ್ನು ಒಳಗೆ ಬಿಡುತ್ತದೆ. ಇಂಥ ಪ್ರೊಟೀನ್‌ಗಳನ್ನು ತೂಬು ಎಂದೇ ಕರೆಯೋಣ, ಕಾಲುವೆ ಸೀಮೆಯವರಿಗೆ ಬೇರೆ ಹೆಸರು ಯಾಕೆ? ಸುಣ್ಣದ ಮಣ್ಣಿನಲ್ಲಿ ಎಡವಟ್ಟಾಗುವುದು ಮೊದಲ ಹೆಜ್ಜೆಯಲ್ಲೇ. ಬೇರು ಬಿಟ್ಟ ಆಮ್ಲವನ್ನೆಲ್ಲ ಸುಣ್ಣ ನುಂಗಿಬಿಡುತ್ತದೆ.

ಜೋಳದ ದಾರಿ ಬೇರೆ. ಹುಲ್ಲಿನ ಜಾತಿಯ ಗಿಡಗಳು ಕಬ್ಬಿಣವನ್ನು ಹಿಡಿದು ತರುವ ಒಂದು ಬಗೆಯ ಆಮ್ಲವನ್ನೇ ಮಣ್ಣಿಗೆ ಬಿಡುತ್ತವೆ, ಆಮೇಲೆ ಕಬ್ಬಿಣದ ಸಮೇತ ಅದನ್ನು ವಾಪಸ್ ಎಳೆದುಕೊಳ್ಳುತ್ತವೆ. ಜಪಾನಿನ ತಕಾಗಿ ಎಂಬ ವಿಜ್ಞಾನಿ 1976ರಲ್ಲಿ ಇದನ್ನು ವರದಿ ಮಾಡಿದರು. ಈ ಉಪಾಯಕ್ಕೆ ಸುಣ್ಣದ ಕಾಟ ಅಷ್ಟಾಗಿ ಇಲ್ಲ.

ಈಗ ಐಆರ್‌ಟಿ1 ತೂಬಿಗೆ ವಾಪಸ್ ಬರೋಣ. ಅದಕ್ಕೆ ಕಬ್ಬಿಣ ಯಾವುದು, ಬೇರೆ ಲೋಹ ಯಾವುದು ಎಂಬ ಕಟ್ಟುನಿಟ್ಟು ಇಲ್ಲ. ಸತು, ಮ್ಯಾಂಗನೀಸ್, ಕೋಬಾಲ್ಟ್ ಕೂಡ ಅದರಲ್ಲೇ ನುಗ್ಗುತ್ತವೆ. ಕ್ಯಾಡ್ಮಿಯಂ ಎಂಬ ವಿಷವೂ ಅಷ್ಟೇ. ಅಂದರೆ ಕಬ್ಬಿಣಕ್ಕೆ ಹಸಿದ ಗಿಡ ತೂಬು ಎತ್ತಿದಾಗ ಪಕ್ಕದಲ್ಲಿ ವಿಷ ಇದ್ದರೆ ಅದೂ ಒಳಗೆ. ಗಿಡ ಇದಕ್ಕೆ ಒಂದು ಪಟ್ಟು ಕಲಿತಿದೆ. ಬೇಡದ ಲೋಹಗಳು ಮಿತಿ ಮೀರಿ ಬಂದರೆ ಅದು ಐಆರ್‌ಟಿ1ಗೇ ಮೊದಲು ಗೊತ್ತಾಗುತ್ತದೆ. ಆಗ ಕೋಶ ಆ ತೂಬನ್ನೇ ಕಿತ್ತು ಒಳಗೆಳೆದು ಕರಗಿಸುತ್ತದೆ. 2018ರಲ್ಲಿ ಪ್ರಕಟವಾದ ಈ ಸಂಗತಿ ನನಗೆ ಬಹಳ ಹಿಡಿಸಿತು. ಕಾವಲುಗಾರ ಬೇರೆ, ತೂಬು ಬೇರೆ ಅಂತ ಇಲ್ಲ ಅಲ್ವಾ ಇಲ್ಲಿ?

ಬೇರಿನ ವಿಷಯದಲ್ಲಿ ಮತ್ತೆ ಮತ್ತೆ ಕಾಣುವುದು ಇದೇ ಕತೆ. ವಿಷ ಬರುವುದು ಆಹಾರದ ತೂಬಿನಲ್ಲೇ.

ಆರ್ಸೆನಿಕ್ ನೋಡಿ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನ ಇರುವ ಬಂಡೆಯಲ್ಲೇ ಆರ್ಸೆನೋಪೈರೈಟ್ ಎಂಬ ಖನಿಜವೂ ಇದೆ. ಈ ಬಂಡೆಗಳ ಪಟ್ಟಿ ಇರುವ ಕಡೆ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಇರುವುದು ದಾಖಲಾಗಿದೆ. ಪಕ್ಕದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನರ ಚರ್ಮದ ಮೇಲೆ ಅದರ ಗುರುತುಗಳನ್ನು 2013ರ ಒಂದು ಅಧ್ಯಯನ ದಾಖಲಿಸಿತು. ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಮಾತ್ರ.

ಬೇರಿಗೆ ಆರ್ಸೆನಿಕ್ ಎರಡು ವೇಷದಲ್ಲಿ ಎದುರಾಗುತ್ತದೆ. ಗಾಳಿಯಾಡುವ ಒಣ ಹೊಲದಲ್ಲಿ ಅದು ಆರ್ಸೆನೇಟ್. ನೋಡಲಿಕ್ಕೆ ಫಾಸ್ಫೇಟ್ ತರಹ. ಹಾಗಾಗಿ ರಂಜಕ ಎಳೆಯುವ ತೂಬಿನಲ್ಲಿ ನುಸುಳುತ್ತದೆ. ನೀರು ನಿಂತ ಗದ್ದೆಯಲ್ಲಿ ಅದು ಆರ್ಸೆನೈಟ್ ಆಗುತ್ತದೆ. ಆಗ ಅದು ಸಿಲಿಕಾ ತರಹ ಕಾಣುತ್ತದೆ. ಭತ್ತಕ್ಕೆ ಸಿಲಿಕಾ ಅಂದರೆ ಪ್ರಾಣ. ಹುಲ್ಲು ಗಟ್ಟಿಯಾಗಿ ನಿಲ್ಲಬೇಕಾದರೆ, ರೋಗ ತಡೆಯಬೇಕಾದರೆ ಅದು ಬೇಕೇ ಬೇಕು. ಜಪಾನಿನ ಒಕಾಯಾಮಾ ವಿಶ್ವವಿದ್ಯಾಲಯದ ಜಿಯಾನ್ ಫೆಂಗ್ ಮಾ ತಂಡ 2006ರಲ್ಲಿ ಭತ್ತದ ಬೇರಿನಲ್ಲಿ ಸಿಲಿಕಾ ಎಳೆಯುವ ಎಲ್‌ಎಸ್‌ಐ1 ಜೀನನ್ನು ಪತ್ತೆ ಮಾಡಿತು. ಮರುವರ್ಷ ಅದರ ಜೋಡಿ ಎಲ್‌ಎಸ್‌ಐ2 ಸಿಕ್ಕಿತು. 2008ರಲ್ಲಿ ಅದೇ ತಂಡ ಇನ್ನೊಂದು ಸುದ್ದಿ ಕೊಟ್ಟಿತು: ಆರ್ಸೆನೈಟ್ ಹೋಗುವುದೂ ಈ ಎರಡು ತೂಬುಗಳಲ್ಲೇ. ಗೋಧಿ, ಜೋಳಕ್ಕಿಂತ ಅಕ್ಕಿಯಲ್ಲಿ ಆರ್ಸೆನಿಕ್ ಜಾಸ್ತಿ ಸಿಗುವುದಕ್ಕೆ ಇದೇ ಮುಖ್ಯ ಕಾರಣ. ಭತ್ತ ಸಿಲಿಕಾಕ್ಕೆ ಬಹಳ ಆಸೆಪಡುತ್ತದೆ, ನಾವು ಅದನ್ನು ನೀರಲ್ಲೇ ನಿಲ್ಲಿಸುತ್ತೇವೆ.

ಒಳಗೆ ಬಂದ ವಿಷವನ್ನು ಗಿಡ ಸುಮ್ನೆ ಬಿಡುವುದಿಲ್ಲ. ಫೈಟೋಕೆಲಾಟಿನ್ ಎಂಬ ಗಂಧಕ ತುಂಬಿದ ಸಣ್ಣ ಎಳೆಗಳನ್ನು ನೇಯ್ದು, ಅವುಗಳಲ್ಲಿ ಲೋಹವನ್ನು ಕಟ್ಟಿ, ಕೋಶದೊಳಗಿನ ಚೀಲದಂಥ ರಸದಾನಿಗೆ ತಳ್ಳುತ್ತದೆ. ಇದು ಗೊತ್ತಾಗಿದ್ದು 1985ರಲ್ಲಿ, ಜರ್ಮನಿಯಲ್ಲಿ. ಆರ್ಸೆನಿಕ್ಕಿಗೂ ಕ್ಯಾಡ್ಮಿಯಂಗೂ ಇದೇ ಮದ್ದು. ಗಂಧಕ ಸಾಲದಿದ್ದರೆ ಈ ಕೆಲಸ ಕುಂಟುತ್ತದೆ. ಜಿಂಕ್, ಪೊಟ್ಯಾಷ್ ಎನ್ನುವ ನಾವು ಗಂಧಕವನ್ನು ಮರೆಯುವುದು ಜಾಸ್ತಿ, ಅದಕ್ಕೇ ಈ ಮಾತು.

ಇನ್ನೊಂದು ರಕ್ಷಣೆ ಕಣ್ಣಿಗೇ ಕಾಣುತ್ತದೆ. ನೀರು ನಿಂತ ಗದ್ದೆಯಿಂದ ಭತ್ತದ ಸಸಿ ಕಿತ್ತು ತೊಳೆದು ನೋಡಿ. ಬೇರಿನ ಮೇಲೆ ಇಟ್ಟಿಗೆ ಬಣ್ಣದ ಲೇಪ ಇರುತ್ತದೆ. ಭತ್ತ ಎಲೆಯಿಂದ ಬೇರಿಗೆ ಗಾಳಿ ಇಳಿಸುತ್ತದೆ. ಆ ಆಮ್ಲಜನಕ ಬೇರಿನಿಂದ ಸೋರಿದ ಕಡೆ ಮಣ್ಣಿನ ಕಬ್ಬಿಣ ತುಕ್ಕಾಗಿ ಅಂಟಿಕೊಳ್ಳುತ್ತದೆ. ಈ ತುಕ್ಕು ಆರ್ಸೆನಿಕ್ಕನ್ನು ಹಿಡಿದಿಡುತ್ತದೆ. ಎಷ್ಟು ಗಾಳಿ ಇಳಿಯಬೇಕು, ಎಲ್ಲಿ ಸೋರಬೇಕು ಎನ್ನುವುದೂ ಜೀನ್‌ಗಳ ಕೈಯಲ್ಲೇ ಇದೆ. ತಳಿಯಿಂದ ತಳಿಗೆ ವ್ಯತ್ಯಾಸವೂ ಇದೆ.

ಇದನ್ನು ಓದಿ ಗಂಗಾವತಿ ಅಕ್ಕಿಗೆ ವಿಷದ ಹಣೆಪಟ್ಟಿ ಹಚ್ಚಬೇಡಿ. ತುಂಗಭದ್ರೆಯ ಕಾಲುವೆ ನೀರು ಬೇರೆ, ಹಟ್ಟಿ ಕಡೆಯ ಕೊಳವೆಬಾವಿ ನೀರು ಬೇರೆ. ಆದರೆ ಗದ್ದೆಯಲ್ಲಿ ಸದಾ ನೀರು ನಿಲ್ಲಿಸುವ ಅಭ್ಯಾಸ ಎಲ್‌ಎಸ್‌ಐ1 ತೂಬಿನ ಮುಂದೆ ಆರ್ಸೆನಿಕ್ಕನ್ನು ತಂದು ನಿಲ್ಲಿಸುತ್ತದೆ ಎನ್ನುವುದು ಯಾವ ಊರಿಗೂ ನಿಜ.

ಹಾಗಾದರೆ ನೀರು ಬಿಡಿಸಿ, ಗದ್ದೆ ಒಣಗಿಸಿ ಮತ್ತೆ ಕಟ್ಟಿದರೆ ಆಯ್ತಲ್ಲ? ಆರ್ಸೆನಿಕ್ ಮಟ್ಟಿಗೆ ಹೌದು, ಚೆನ್ನಾಗಿ ಇಳಿಯುತ್ತದೆ. ತೊಡಕು ಕ್ಯಾಡ್ಮಿಯಂನದು. ನೀರಿನಡಿ ಕ್ಯಾಡ್ಮಿಯಂ ಗಂಧಕದ ಜೊತೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಗದ್ದೆ ಒಣಗಿದಾಗ ಕರಗಿ ಹೊರಬರುತ್ತದೆ. ಆಗ ಎನ್‌ರಾಂಪ್5 ಎಂಬ ತೂಬು ಅದನ್ನು ಎಳೆಯುತ್ತದೆ. ಆ ತೂಬಿನ ಅಸಲಿ ಕೆಲಸ ಮ್ಯಾಂಗನೀಸ್ ತರುವುದು. ಹೀಗೆ ಒಂದು ವಿಷ ತಪ್ಪಿಸಲು ಹೋದರೆ ಇನ್ನೊಂದು. ನಮ್ಮ ಅದೃಷ್ಟಕ್ಕೆ ಪಿಎಚ್ 8ರ ಎರೆ ಮಣ್ಣು ಕ್ಯಾಡ್ಮಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಾದರೆ ಈ ಚಿಂತೆ ಜಾಸ್ತಿ. ಕ್ಯಾಡ್ಮಿಯಂ ಬರುವ ಒಂದು ದಾರಿ ರಂಜಕದ ಗೊಬ್ಬರ, ಯಾಕೆಂದರೆ ಫಾಸ್ಫೇಟ್ ಶಿಲೆಯಲ್ಲೇ ಅದು ಸ್ವಲ್ಪ ಇರುತ್ತದೆ.

ಒಳಗೆ ಬಂದ ಕ್ಯಾಡ್ಮಿಯಂ ಕಾಳಿಗೆ ಏರುತ್ತದೋ ಇಲ್ಲವೋ ಎನ್ನುವುದನ್ನು ಬಹಳಷ್ಟು ನಿರ್ಧರಿಸುವುದು ಎಚ್‌ಎಂಎ3 ಎಂಬ ಜೀನ್. ಅದು ಕ್ಯಾಡ್ಮಿಯಂ ಅನ್ನು ಬೇರಿನ ರಸದಾನಿಯಲ್ಲೇ ಕೂಡಿಹಾಕುತ್ತದೆ. ಕೆಲವು ತಳಿಗಳಲ್ಲಿ ಈ ಜೀನ್ ಕೆಟ್ಟಿದೆ. ಅಂಥ ತಳಿಗಳ ಅಕ್ಕಿಯಲ್ಲಿ ಕ್ಯಾಡ್ಮಿಯಂ ಏರುತ್ತದೆ ಎಂದು 2010ರಲ್ಲಿ ತಿಳಿಯಿತು. ಜಪಾನಿನವರು 2012ರಲ್ಲಿ ವಿಕಿರಣ ಹಾಯಿಸಿ ಎನ್‌ರಾಂಪ್5 ಕೆಟ್ಟ ಭತ್ತ ಮಾಡಿದರು. ಕ್ಯಾಡ್ಮಿಯಂ ಬಹುತೇಕ ಬರಲೇ ಇಲ್ಲ. ಆದರೆ ಮ್ಯಾಂಗನೀಸೂ ಕಡಿಮೆಯಾಯಿತು. ಚೆಂದದ ಉತ್ತರ ಸಿಕ್ಕಿದ್ದು ಕೇರಳದ ಪೊಕ್ಕಾಳಿ ಭತ್ತದಲ್ಲಿ, 2022ರಲ್ಲಿ. ಅದರಲ್ಲಿ ಎನ್‌ರಾಂಪ್5 ಜೀನ್ ಒಂದಲ್ಲ, ಎರಡು ಪ್ರತಿ ಇದೆ. ತೂಬು ಜಾಸ್ತಿಯಾದರೆ ವಿಷವೂ ಜಾಸ್ತಿ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ. ಬೇರಿನ ಕೋಶಕ್ಕೆ ಮ್ಯಾಂಗನೀಸೂ ಹೆಚ್ಚು ಬಂದು, ಅದರ ಪೈಪೋಟಿಯಲ್ಲಿ ಕ್ಯಾಡ್ಮಿಯಂ ನೀರಿನ ನಾಳಕ್ಕೆ ದಾಟದೆ ಬೇರಲ್ಲೇ ಉಳಿಯಿತು.

ಈ ಪೊಕ್ಕಾಳಿ ಸಮುದ್ರದ ಉಪ್ಪು ನೀರಿನಲ್ಲಿ ಬೆಳೆಯುವ ಭತ್ತ. ಉಪ್ಪು ಅಂದ ಮೇಲೆ ನಮ್ಮ ಅಸಲಿ ಕಷ್ಟಕ್ಕೆ ಬರಬೇಕು. ಲೋಹದ ಭಯ ಕೆಲವು ಊರುಗಳದ್ದು. ಸವಳು (ಉಪ್ಪೇರಿದ ನೆಲ), ಜವಳು (ನೀರು ನಿಂತು ಕೆಟ್ಟ ನೆಲ) ಇವುಗಳ ಭಯ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಸೀಮೆಯ ತುಂಬ ಇದೆ.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಯೋಜನೆ ಮಾಡಿದವರ ಲೆಕ್ಕದಲ್ಲಿ ಹೆಚ್ಚಿನ ಹೊಲಗಳಿಗೆ ಅರೆ ನೀರಾವರಿ, ಅಂದರೆ ಜೋಳ, ಹತ್ತಿ, ಶೇಂಗಾದಂಥ ಬೆಳೆ. ಆಗಿದ್ದು ಬೇರೆ. ಕಾಲುವೆ ಮೇಲ್ಭಾಗ ಪೂರ್ತಿ ಭತ್ತವಾಯಿತು. ಕೊನೆಭಾಗದ ಮಾನ್ವಿ, ರಾಯಚೂರಿನವರು ನೀರಿಗೆ ಕಾಯುತ್ತ ಕೂತರು. ಮೇಲ್ಭಾಗದಲ್ಲಿ ಅಂತರ್ಜಲ ಏರಿ ಉಪ್ಪನ್ನು ಮೇಲೆ ತಂದಿತು. ಹತ್ತಾರು ಸಾವಿರ ಹೆಕ್ಟೇರ್ ಕೆಟ್ಟಿತು. ಮಣ್ಣಿನ ರಸದ ಉಪ್ಪಿನ ಅಳತೆ ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದರೆ ಭತ್ತದ ಇಳುವರಿ ಬೀಳಲು ಶುರು. ಹತ್ತಿ 7.7ರ ತನಕ ತಡೆಯುತ್ತದೆ, ಜೋಳ 6.8ರ ತನಕ. ಅಂದರೆ ಹೆಚ್ಚು ಉಪ್ಪಾಗುವ ಜಾಗದಲ್ಲಿ ನಾವು ಕಡಿಮೆ ತಡೆಯುವ ಬೆಳೆ ಬೆಳೆಯುತ್ತಿದ್ದೇವೆ. ರೈತರು ದಡ್ಡರಲ್ಲ. ನೀರು ನಿಂತ ನೆಲದಲ್ಲಿ ಹತ್ತಿ, ಜೋಳ ಕೊಳೆಯುತ್ತವೆ. ನಿಂತ ನೀರು ಮೇಲ್ಮಣ್ಣಿನ ಉಪ್ಪನ್ನು ಸ್ವಲ್ಪ ಕೆಳಗೆ ತಳ್ಳುತ್ತದೆ. ಭತ್ತ ಬಿಟ್ಟರೆ ಅವರಿಗೆ ದಾರಿ ಉಳಿದಿಲ್ಲ.

ಉಪ್ಪಿನಲ್ಲಿ ಕೆಡಕು ಮಾಡುವುದು ಮುಖ್ಯವಾಗಿ ಸೋಡಿಯಂ. ಅದರದೂ ಹಳೇ ಕತೆ, ಪೊಟ್ಯಾಷಿಯಂ ಮುಂತಾದವು ಹೋಗುವ ದಾರಿಯಲ್ಲಿ ನುಸುಳುತ್ತದೆ. ಬೇರು ಮೊದಲು ಕ್ಯಾಲ್ಸಿಯಂ ಅಲೆಯೊಂದನ್ನು ಎಬ್ಬಿಸುತ್ತದೆ. ಎಸ್‌ಒಎಸ್3 ಎಂಬ ಪ್ರೊಟೀನ್ ಅದನ್ನು ಗುರುತಿಸಿ ಎಸ್‌ಒಎಸ್2ಗೆ ಹೇಳುತ್ತದೆ, ಅದು ಎಸ್‌ಒಎಸ್1ಗೆ. ಎಸ್‌ಒಎಸ್1 ಸೋಡಿಯಂ ಅನ್ನು ಹೊರಗೆಸೆಯುವ ಪಂಪು. ಹೊರಗೆಸೆದೂ ಉಳಿದದ್ದು ನೀರಿನ ನಾಳ ಹಿಡಿದು ಎಲೆಗೆ ಹೊರಡುತ್ತದೆ. ದಾರಿಯಲ್ಲಿ ಎಚ್‌ಕೆಟಿ1;5 ಎಂಬ ತೂಬು ಅದನ್ನು ಹಿಡಿದು ಬೇರಿನ ಅಂಗಾಂಶಕ್ಕೆ ವಾಪಸ್ ಎಳೆಯುತ್ತದೆ. ಬಂಗಾಳದ ನೋನಾ ಬೊಕ್ರಾ ಎಂಬ ಹಳೇ ತಳಿಯಲ್ಲಿ ಇದರ ಬಲವಾದ ರೂಪ ಇರುವುದು 2005ರಲ್ಲಿ ಗೊತ್ತಾಯಿತು. ಪೊಕ್ಕಾಳಿಯ ಹೆಸರಾಂತ ಸಾಲ್ಟಾಲ್ ಎಂಬ ಜೀನ್ ತುಣುಕು ಇರುವುದೂ ಒಂದನೇ ಕ್ರೋಮೋಸೋಮಿನ ಅದೇ ಜಾಗದಲ್ಲಿ. ಇಂದು ಉಪ್ಪು ತಡೆಯುವ ಭತ್ತದ ತಳಿಗಳಲ್ಲಿ ಹಲವಕ್ಕೆ ಈ ತುಣುಕನ್ನು ಸೇರಿಸುತ್ತಾರೆ.

ಇಲ್ಲೇ ನನ್ನ ತಕರಾರು. ಎಸ್‌ಒಎಸ್1 ಪಂಪು ಓಡಲು ಶಕ್ತಿ ಬೇಕು. ಶಕ್ತಿಗೆ ಬೇರು ಉಸಿರಾಡಬೇಕು. ಜವಳು ನೆಲದಲ್ಲಿ ಆಮ್ಲಜನಕ ಇಲ್ಲ. ಹಾಗಾಗಿ ಸವಳು ಮತ್ತು ಜವಳು ಒಟ್ಟಿಗೆ ಬಂದರೆ ಪೆಟ್ಟು ಎರಡಾಗುವುದಿಲ್ಲ, ಅದಕ್ಕಿಂತ ಜಾಸ್ತಿಯಾಗುತ್ತದೆ. ಎಲೆಗೆ ಹೋಗುವ ಸೋಡಿಯಂ ಸಿಕ್ಕಾಪಟ್ಟೆ ಏರುತ್ತದೆ. ಒಳ್ಳೆಯ ಜೀನ್ ಇದ್ದರೂ ಅದಕ್ಕೆ ಕೆಲಸ ಮಾಡಲು ಉಸಿರಿಲ್ಲ. ಭತ್ತವೇನೋ ಗಾಳಿ ಇಳಿಸಿಕೊಂಡು ಬದುಕುತ್ತದೆ. ಮುಂದೆ ಹಿಂಗಾರಿಗೆ ಕಡಲೆಯೋ ಸೂರ್ಯಕಾಂತಿಯೋ ಹಾಕುತ್ತೇನೆ ಅಂದವನ ಗತಿ ಏನು? ಬಸಿಗಾಲುವೆ ಇಲ್ಲದ ಹೊಲಕ್ಕೆ ಉಪ್ಪು ತಡೆಯುವ ತಳಿ ಕೊಡುವುದು ಅರ್ಧ ಕೆಲಸ. ಅದೂ ಸುಲಭದ ಅರ್ಧ.

ಬೇರಿನ ಆಕಾರಕ್ಕೂ ಇಲ್ಲಿ ಪಾತ್ರ ಇದೆ. ಬೇರಿನ ತುದಿಯ ಒಂದು ಕಡೆ ಉಪ್ಪು ಜಾಸ್ತಿ ಇದ್ದರೆ ಬೇರು ಭೂಮಿಯ ಸೆಳೆತವನ್ನೂ ಮೀರಿ ಆಚೆ ಬಾಗುತ್ತದೆ. ಇದನ್ನು 2013ರಲ್ಲಿ ಅರಬಿಡಾಪ್ಸಿಸ್, ಟೊಮ್ಯಾಟೊ ಜೊತೆ ಜೋಳದ ಸಸಿಯಲ್ಲೂ ತೋರಿಸಿದರು. ಅದೇ ವರ್ಷ ಡಿಆರ್‌ಒ1 ಎಂಬ ಜೀನ್ ಸುದ್ದಿ ಮಾಡಿತು. ಅದು ಬೇರನ್ನು ಆಳಕ್ಕಿಳಿಸುತ್ತದೆ. ಬರಗಾಲಕ್ಕೆ ಒಳ್ಳೆಯದು ಅಂತ ಎಲ್ಲರೂ ಖುಷಿಪಟ್ಟರು. 2020ರಲ್ಲಿ ಅದೇ ಕುಟುಂಬದ ಕ್ಯೂಎಸ್‌ಒಆರ್1 ಎಂಬ ಜೀನ್ ಬಗ್ಗೆ ವರದಿ ಬಂತು. ಇಂಡೋನೇಷ್ಯಾದ ಒಂದು ಭತ್ತದಲ್ಲಿ ಈ ಜೀನ್ ಕೆಟ್ಟು ಬೇರು ಮೇಲ್ಮಣ್ಣಿನಲ್ಲೇ ಹರಡಿತ್ತು. ಅದನ್ನು ಜಪಾನಿನ ತಳಿಗೆ ಸೇರಿಸಿ ಉಪ್ಪಿನ ಗದ್ದೆಯಲ್ಲಿ ಬೆಳೆದಾಗ ಇಳುವರಿ ಹೆಚ್ಚಿತು. ಮೇಲೆ ಗಾಳಿ ಸಿಗುತ್ತದಲ್ಲ! ಆಳದ ಬೇರು ಒಳ್ಳೆಯದು ಎನ್ನುವುದು ಲಿಂಗಸುಗೂರಿನ ಮಸಾರಿ ಹೊಲಕ್ಕೆ ಸರಿ ಇರಬಹುದು, ಕಾರಟಗಿಯ ಜವಳು ಗದ್ದೆಗೆ ಅಲ್ಲ.

ಅಲ್ಯುಮಿನಿಯಂ ಬಗ್ಗೆ ಒಂದು ಮಾತು. ಬೇರು ಮತ್ತು ಲೋಹ ಎಂದು ಓದಲು ಹೊರಟರೆ ಬಹುಪಾಲು ಅದೇ ಸಿಗುತ್ತದೆ. ಗೋಧಿಯ ಎಎಲ್‌ಎಂಟಿ1 ಜೀನ್ 2004ರಲ್ಲಿ ಸಿಕ್ಕಿತು. ಜೋಳದ ಇನ್ನೊಂದು ಜೀನ್ 2007ರಲ್ಲಿ. ಇವು ಬೇರಿನ ತುದಿಯಿಂದ ಮ್ಯಾಲೇಟ್, ಸಿಟ್ರೇಟ್ ಎಂಬ ಆಮ್ಲ ಬಿಟ್ಟು ಅಲ್ಯುಮಿನಿಯಂ ಕಟ್ಟಿಹಾಕುತ್ತವೆ. ಸೊಗಸಾದ ವಿಜ್ಞಾನ. ಆದರೆ ಅಲ್ಯುಮಿನಿಯಂ ವಿಷವಾಗುವುದು ಪಿಎಚ್ ಸುಮಾರು 5ಕ್ಕಿಂತ ಇಳಿದಾಗ. ನಮ್ಮ ಎರೆ ಭೂಮಿಗೆ ಅದು ಸಂಬಂಧವಿಲ್ಲದ ಕಷ್ಟ.

ಇದೇ ಕಾರಣಕ್ಕೆ ಕೊಪ್ಪಳದ ಕಾರ್ಖಾನೆ ಧೂಳು ಬೆಳೆ ಕೆಡಿಸುತ್ತದೆ ಎಂಬ ವಾದವನ್ನೂ ಜೋಪಾನವಾಗಿ ಮಾಡಬೇಕು. 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಸ್ವಾಮೀಜಿಯೂ ಬೀದಿಗಿಳಿದರು. ಎಲೆ ಮೇಲೆ ಕೂರುವ ಧೂಳು ಬೆಳೆಗೆ ಕೆಟ್ಟದ್ದೇ. ಬೆಳಕು ತಡೆಯುತ್ತದೆ, ಎಲೆಯ ಉಸಿರು ಕಟ್ಟುತ್ತದೆ. ಜನರ ಎದೆಗೆ ಇನ್ನೂ ಕೆಟ್ಟದ್ದು. ಆದರೆ ಒಣ ಎರೆ ಹೊಲಕ್ಕೆ ಬಿದ್ದ ಕಬ್ಬಿಣದ ಧೂಳು ಬೇರಿನ ಮೂಲಕ ಬೆಳೆಗೆ ಏರುತ್ತದೆ ಎಂದರೆ ವಾದ ಸೋಲುತ್ತದೆ. ಎದುರಿನ ವಕೀಲ ಪಿಎಚ್ ತೋರಿಸುತ್ತಾನೆ. ಅದೇ ಧೂಳು ನೀರು ನಿಂತ ಗದ್ದೆಗೆ ಬಿದ್ದರೆ ಕತೆ ಬದಲಾಗುತ್ತದೆ, ಅಲ್ಲಿ ಕಬ್ಬಿಣ ಕರಗಬಲ್ಲದು. ಧೂಳಿನಲ್ಲಿ ಕಬ್ಬಿಣದ ಜೊತೆ ಇನ್ನೇನಿದೆ ಎಂದು ಅಳೆಯುವುದು ಇದಕ್ಕಿಂತ ಗಟ್ಟಿಯಾದ ಪ್ರಶ್ನೆ.

ಹೊಸ ತಳಿಗಳ ಆಸೆಯೂ ಎದ್ದಿದೆ. 2025ರ ಮೇನಲ್ಲಿ ಕೇಂದ್ರ ಸರ್ಕಾರ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅದರಲ್ಲಿ ಪೂಸಾ ಡಿಎಸ್‌ಟಿ ರೈಸ್ 1, ಎಂಟಿಯು 1010 ತಳಿಯಿಂದ ಬಂದದ್ದು. ಬರ ಮತ್ತು ಉಪ್ಪು ತಡೆಯುತ್ತದೆ ಎನ್ನುತ್ತಾರೆ. ಇನ್ನೊಂದು, ನಮ್ಮ ಕಡೆ ಬಹಳ ಬೆಳೆಯುವ ಬಿಪಿಟಿ 5204ರಿಂದ ಬಂದದ್ದು. ಅದು ಕಾಳಿನ ಸಂಖ್ಯೆಗೆ ಸಂಬಂಧಿಸಿದ್ದು. ಡಿಎಸ್‌ಟಿ ಜೀನ್ ಕೆಡಿಸಿದರೆ ಎಲೆಯ ರಂಧ್ರಗಳು ಕಡಿಮೆಯಾಗಿ ನೀರು ಉಳಿಯುತ್ತದೆ. ಅಂದರೆ ಅದರ ಮುಖ್ಯ ಕೆಲಸ ಎಲೆಯಲ್ಲಿ, ಬೇರಿನ ಸೋಡಿಯಂ ಪಂಪಿನಲ್ಲಲ್ಲ. ಒಳ್ಳೆಯ ತಳಿಯೇ ಆಗಬಹುದು. ಆದರೆ ಸಿಂಧನೂರಿನ ಜವಳು ನೆಲಕ್ಕೆ ಅದೇ ಮದ್ದು ಎಂದು ಯಾರಾದರೂ ಮಾರಲು ಬಂದರೆ ಬೇರಿನ ಉಸಿರಿನ ಕತೆ ಕೇಳಿ.

ಕೈಗೆ ಸಿಗುವ ಕೆಲಸಗಳೂ ಇವೆ. ಜಿಪ್ಸಂ ಮಣ್ಣಿನಿಂದ ಸೋಡಿಯಂ ಅನ್ನು ಬಿಡಿಸುತ್ತದೆ. ಅದರ ಕ್ಯಾಲ್ಸಿಯಂ ಬೇರಿಗೆ ಸೋಡಿಯಂ ನುಗ್ಗುವುದನ್ನೂ ತಡೆಯುತ್ತದೆ. ಅದರ ಗಂಧಕವೂ ವ್ಯರ್ಥವಲ್ಲ. ಆದರೆ ಬಿಡಿಸಿದ ಸೋಡಿಯಂ ಹರಿದುಹೋಗಲು ಬಸಿಗಾಲುವೆ ಬೇಕು. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಹಿಂದೆ ಹೊಟ್ಟಿನ ಬೂದಿ ರಾಶಿ ಬಿದ್ದಿರುತ್ತದೆ. ಅದರಲ್ಲಿ ಸಿಲಿಕಾ ತುಂಬಾ ಇದೆ. ಗದ್ದೆಗೆ ಸಿಲಿಕಾ ಸಿಕ್ಕರೆ ಎಲ್‌ಎಸ್‌ಐ ತೂಬಿನಲ್ಲಿ ಆರ್ಸೆನಿಕ್ಕಿಗೆ ಪೈಪೋಟಿ ಬೀಳುತ್ತದೆ. ಕೂರಿಗೆ ಭತ್ತ ಬಿತ್ತಿದವರ ಹೊಲದಲ್ಲಿ ನೀರು ನಿಲ್ಲುವುದೇ ಕಡಿಮೆ.

ಅಳತೆಯ ಮಾತು ಉಳಿಯಿತು. ಮಣ್ಣು ಆರೋಗ್ಯ ಕಾರ್ಡ್ 2015ರಿಂದ ಇದೆ. ಅದರಲ್ಲಿ 12 ಅಂಶ: ಪಿಎಚ್, ಲವಣಾಂಶ, ಸಾವಯವ ಇಂಗಾಲ, ಆಮೇಲೆ ಒಂಬತ್ತು ಪೋಷಕಾಂಶ. ಆರ್ಸೆನಿಕ್ ಇಲ್ಲ, ಕ್ಯಾಡ್ಮಿಯಂ ಇಲ್ಲ. ಸೇರಿಸಿದರೂ ಮಣ್ಣಿನ ಅಂಕಿ ಅರ್ಧ ಸತ್ಯವೇ. ಕಾಳನ್ನೇ ಅಳೆಯಬೇಕು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅಜೈವಿಕ ಆರ್ಸೆನಿಕ್ ಕಿಲೋಗೆ 0.2 ಮಿಲಿಗ್ರಾಂ, ಕ್ಯಾಡ್ಮಿಯಂ 0.4 ಮಿಲಿಗ್ರಾಂ ಎಂದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಇದೆ. ಭತ್ತ ಹೇಗೂ ಗಿರಣಿಗೆ ಬರುತ್ತದೆ. ಉಪಕಾಲುವೆವಾರು ಒಂದೊಂದು ಮಾದರಿ ತೆಗೆದಿಟ್ಟರೆ ಯಾವ ನೀರಿನಲ್ಲಿ, ಯಾವ ತಳಿಯ ಬೇರು ಏನನ್ನು ಮೇಲೆ ಕಳಿಸುತ್ತಿದೆ ಎಂದು ಎರಡೇ ಹಂಗಾಮಿನಲ್ಲಿ ಗೊತ್ತಾಗುತ್ತದೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, ಗಂಗಾವತಿಯಲ್ಲಿ ಸವಳು ನೆಲದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಸಂಶೋಧನಾ ಕೇಂದ್ರ ಇದೆ.

ನೀರು ಕಟ್ಟಿ ಬಿಡಿಸುವ ಪದ್ಧತಿಗೆ ಮಾತ್ರ ವಿಜ್ಞಾನಿ ಸಾಲುವುದಿಲ್ಲ. ಮುಂದಿನ ಸರದಿ ನೀರು ಬರುತ್ತದೆ ಎಂಬ ಖಾತ್ರಿ ಇಲ್ಲದ ರೈತ ಗದ್ದೆ ಒಣಗಿಸುವುದಿಲ್ಲ. ಹೂಳು ತುಂಬಿ ಜಲಾಶಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದ ಮೇಲೆ ಭಯ ಇನ್ನೂ ಜಾಸ್ತಿಯಾಗಿದೆ. ನೀರಾವರಿ ಸಲಹಾ ಸಮಿತಿ ಸೇರಿದಾಗ ನಾವು ಪೇಪರಿನಲ್ಲಿ ಓದುವುದು ಕ್ಯೂಸೆಕ್ ಮತ್ತು ದಿನಾಂಕ. ಒಂದು ಉಪಕಾಲುವೆಗೆ ಇಂಥ ದಿನ ನಿಲ್ಲಿಸುತ್ತೇವೆ, ಇಂಥ ದಿನ ಮತ್ತೆ ಬಿಡುತ್ತೇವೆ ಎಂದು ಮೊದಲೇ ಬರೆದುಕೊಟ್ಟು ಅದರಂತೆ ನಡೆದರೆ ಒಣಗಿಸಲು ಒಪ್ಪುವ ರೈತರು ಸಿಗುತ್ತಾರೆ. ಮೊದಲು ಒಂದೇ ಉಪಕಾಲುವೆ ಸಾಕು.